ನಿಶ್ ಅಂದರೆ ಏನು? ರಣಹದ್ದನ್ನು ನೋಡಿ

ಒಂದು ಜೀವಿ ಇರುವ ಜಾಗ ಅದರ ಆವಾಸ. ಆ ಜಾಗದಲ್ಲಿ ಅದು ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆ ಇಡುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ, ಅದು ಇರುವುದರಿಂದ ಬೇರೆ ಜೀವಿಗಳಿಗೆ ಏನಾಗುತ್ತದೆ, ಇದೆಲ್ಲ ಸೇರಿದರೆ ಅದರ ನಿಶ್. 1917ರಲ್ಲಿ ಅಮೆರಿಕದ ಜೀವವಿಜ್ಞಾನಿ ಜೋಸೆಫ್ ಗ್ರಿನೆಲ್ ಈ ಪದ ಬಳಸಿದಾಗ, ಹಕ್ಕಿಯೊಂದು ಬದುಕಲು ಎಂಥ ಪರಿಸರ ಬೇಕು ಎಂದು ನೋಡಿದ್ದರು. 1927ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಚಾರ್ಲ್ಸ್ ಎಲ್ಟನ್ ಜೀವಿಯೊಂದು ತನ್ನ ಜಾಗದಲ್ಲಿ ಮಾಡುವ ಕೆಲಸಕ್ಕೆ ಒತ್ತು ಕೊಟ್ಟರು. ಎಲ್ಟನ್ ಹೇಳಿದ್ದು ನನಗೆ ಹೆಚ್ಚು ಹಿಡಿಸುತ್ತದೆ. ಜೀವಿ ಇಲ್ಲವಾದಾಗ ನಮಗೆ ಮೊದಲು ತಟ್ಟುವುದು ಅದರ ಕೆಲಸ ನಿಂತದ್ದೇ ಅಲ್ವಾ?

ಸತ್ತ ದನದ ಸುತ್ತ ಸೇರುವ ಹದ್ದುಗಳನ್ನೇ ನೋಡಿ. ಕೆಂಪು ತಲೆಯ ರಣಹದ್ದಿನ ಕೊಕ್ಕಿಗೆ ಗಟ್ಟಿ ಚರ್ಮ ಹರಿಯುವ ಬಲವಿದೆ. ಬಿಳಿ ಬೆನ್ನಿನದು, ಉದ್ದ ಕೊಕ್ಕಿನದು ಗರಿ ಕಡಿಮೆಯಿರುವ ಕತ್ತನ್ನು ಒಳಗೆ ತೂರಿಸಿ ಮೆತ್ತನೆ ಮಾಂಸ ತಿನ್ನುತ್ತವೆ. ಬಿಳಿ ರಣಹದ್ದು ಸಣ್ಣ ಕೊಕ್ಕಿನಿಂದ ಚೂರುಪಾರು ಹೆಕ್ಕುತ್ತದೆ. ಹಿಮಾಲಯದಲ್ಲಾದರೆ ಗಡ್ಡದ ರಣಹದ್ದು ಮೂಳೆಯನ್ನೇ ನುಂಗುತ್ತದೆ. ಊಟ ಒಂದೇ, ನಿಶ್ ಬೇರೆ ಬೇರೆ. ಅದಕ್ಕೇ ಇಷ್ಟು ಜಾತಿಗಳು ಒಟ್ಟಿಗೆ ಬದುಕಿದ್ದು.

ಈ ಹಕ್ಕಿಗಳ ಹೊಟ್ಟೆಯ ಆಮ್ಲ ತುಂಬಾ ತೀಕ್ಷ್ಣ. ಕೊಳೆತ ಮಾಂಸದಲ್ಲಿರುವ ಹಲವು ರೋಗಾಣುಗಳು ಅದರಲ್ಲಿ ಸಾಯುತ್ತವೆ.

1990ರ ದಶಕದಲ್ಲಿ ಇವು ಸಾಲು ಸಾಲಾಗಿ ಸತ್ತವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಕಡಿಮೆಯಾಯಿತು. ತಿನ್ನುವವರಿಲ್ಲದೆ ಹೆಣಗಳು ಉಳಿದವು. ಆ ಜಾಗಕ್ಕೆ ಬೀದಿನಾಯಿಗಳು ಬಂದವು. ಆದರೆ ನಾಯಿ ಹದ್ದಿನಷ್ಟು ಬೇಗ, ಅಷ್ಟು ಚೊಕ್ಕಟವಾಗಿ ತಿನ್ನುವುದಿಲ್ಲ. ಜೊತೆಗೆ ರೇಬಿಸ್ ಭಯ ಬೇರೆ. ಊಟ ಹಂಚಿಕೊಂಡ ಮಾತ್ರಕ್ಕೆ ನಾಯಿ ಹದ್ದಿನ ನಿಶ್ ತುಂಬಿತು ಅನ್ನಲಾಗದು.

ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ಅಲ್ಲಿನ ಬಂಡೆಗಳೇ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಜಾಗ, ಅಂದರೆ ಬಂಡೆಯೂ ಅದರ ನಿಶ್‌ನ ಭಾಗ. ಬಂಡೆ ಉಳಿಸಿಕೊಟ್ಟರೂ ವಿಷವಿಲ್ಲದ ಊಟ ಸಿಗಬೇಕು. ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆಯಾದ್ದರಿಂದ, ಹೋದ ಸಂಖ್ಯೆ ಬೇಗ ಬರುವುದಿಲ್ಲ. ಹಸು ಎಮ್ಮೆ ಸಾಕಿದವರು ನೋವಿಗೆ ಔಷಧ ಬರೆಸುವಾಗ ಮೆಲಾಕ್ಸಿಕ್ಯಾಂ ಕೊಡಬಹುದಾ ಎಂದು ವೈದ್ಯರನ್ನು ಕೇಳಿ. ಅದು ರಣಹದ್ದಿಗೆ ಅಪಾಯ ಮಾಡುವುದಿಲ್ಲ.