ವಿದೇಶಕ್ಕೆ ಯಾವ ಹಳೇ ಕ್ಯಾಮೆರಾ ಒಯ್ಯಬೇಕು?

ರಜೆ ಹತ್ತಿರ ಬಂತೆಂದರೆ ನನ್ನ ರಿಪೇರಿ ಟೇಬಲ್ ಮೇಲೆ ಹಳೇ ಫಿಲ್ಮ್ ಕ್ಯಾಮೆರಾಗಳು ಸಾಲುಗಟ್ಟುತ್ತವೆ. ಅಜ್ಜನ ಬೀರುವಿನಿಂದ ತೆಗೆದದ್ದು, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದು. "ಜಪಾನಿಗೆ ಹೋಗ್ತಿದ್ದೀವಿ ಸಾರ್, ಇದು ನಡೆಯುತ್ತಾ?" ಎಂದು ಕೇಳುತ್ತಾರೆ. ನಾನು ಮೊದಲು ಹೆಸರು ನೋಡುವುದಿಲ್ಲ. ಬ್ಯಾಟರಿ ತೆಗೆದು ಶಟರ್ ಒತ್ತುತ್ತೇನೆ. ಬೆಂಗಳೂರಿನಲ್ಲಿ ಕೈಕೊಟ್ಟರೆ ನನ್ನ ಹತ್ತಿರ ತರಬಹುದು. ಕ್ಯೋಟೋದಲ್ಲಿ ಕೈಕೊಟ್ಟರೆ?

ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಎರಡರ ಶಟರೂ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಪೂರ್ತಿ ಮೆಕ್ಯಾನಿಕಲ್, ಅಂದರೆ ಸ್ಪ್ರಿಂಗು, ಹಲ್ಲುಚಕ್ರಗಳಿಂದಲೇ ಓಡುತ್ತದೆ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ. ಅದು ಸತ್ತರೂ ಕೆಲಸ ನಿಲ್ಲದು. ಒಳ್ಳೆ ಬಿಸಿಲಿದ್ದು ಫಿಲ್ಮಿನ ಐಎಸ್‌ಒ (ಬೆಳಕಿಗೆ ಅದರ ಸೂಕ್ಷ್ಮತೆ) 200 ಆಗಿದ್ದರೆ, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 16ಕ್ಕೆ, ಶಟರ್ 1/250 ಸೆಕೆಂಡಿಗೆ ಇಟ್ಟು ಧೈರ್ಯವಾಗಿ ತೆಗೆಯಿರಿ. ಯಾಷಿಕಾ ಎಲೆಕ್ಟ್ರೋ 35 ಹಾಗಲ್ಲ. ಲೆನ್ಸ್ ಬಹಳ ಚೆಂದ, ನಿಜ. ಆದರೆ ಬ್ಯಾಟರಿ ಇಲ್ಲದಿದ್ದರೆ ಅದಕ್ಕೆ 1/500 ಬಿಟ್ಟು ಬೇರೆ ವೇಗವೇ ಇಲ್ಲ. ಅದರ ಮೂಲ ಪಾದರಸದ ಬ್ಯಾಟರಿಯೂ ಈಗ ಸಿಗದು, ಬೇರೆ ಬ್ಯಾಟರಿ ಕೂರಿಸಲು ಅಡಾಪ್ಟರ್ ಬೇಕು. ಮೊದಲ ಬಾರಿ ಫಿಲ್ಮ್ ಹಿಡಿಯುವವರಿಗೆ ಪ್ರವಾಸಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಒಲಿಂಪಸ್ ಟ್ರಿಪ್ 35 ನನ್ನ ಮೆಚ್ಚಿನದು. 1967ರಿಂದ 1984ರವರೆಗೆ ತಯಾರಾದ ಪುಟ್ಟ ಕ್ಯಾಮೆರಾ. ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತಲಿರುವ, ಬೆಳಕು ಬಿದ್ದರೆ ತಾನೇ ವಿದ್ಯುತ್ ಹುಟ್ಟಿಸುವ ಸೆಲೆನಿಯಂ ಸೆಲ್ ಬೆಳಕು ಅಳೆಯುತ್ತದೆ. ಕೊಳ್ಳುವಾಗ ಲೆನ್ಸಿನ ರಿಂಗನ್ನು 'ಎ'ಗೆ (ಆಟೋ) ಇಟ್ಟು, ಅಂಗೈಯಿಂದ ಮುಂಭಾಗ ಮುಚ್ಚಿ ಬಟನ್ ಒತ್ತಿ. ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ನಿಲ್ಲಬೇಕು. ಬಿಸಿಲಿನಲ್ಲೂ ಆ ಕೆಂಪು ಎದ್ದರೆ ಸೆಲ್ ಹೋಗಿರುವ ಸಾಧ್ಯತೆಯೇ ಜಾಸ್ತಿ. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಮೆಕ್ಯಾನಿಕಲ್ ಕ್ಯಾಮೆರಾ ಆದರೆ ಕಿವಿಗೂ ಕೆಲಸವಿದೆ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಒಳಗಿನ ಹಲ್ಲುಚಕ್ರ ಗರ್ರೆಂದು ಒಂದೇ ಸಮ ಓಡಿ ಟಕ್ ಎಂದು ಮುಗಿಯಬೇಕು. ನಡುವೆ ತೊದಲಿದರೆ ಹಳೇ ಗ್ರೀಸ್ ಗಟ್ಟಿಯಾಗಿದೆ, ಸರ್ವಿಸ್ ಆಗಲೇಬೇಕು. ಹಿಂಬಾಗಿಲಿನ ಅಂಚಿನ ಕಪ್ಪು ಫೋಮ್ ಬೆರಳಿಗೆ ಅಂಟಿದರೆ ಹೆದರಬೇಡಿ, ಬದಲಿಸುವುದು ಸಣ್ಣ ಕೆಲಸ. ಲೆನ್ಸಿನೊಳಗೆ ಮಾತ್ರ ಟಾರ್ಚಿನ ಬೆಳಕು ಹಾಯಿಸಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಅಂದರೆ ಬೂಷ್ಟು. ಲೆದರ್ ಕೇಸಿನಲ್ಲಿ ಮುಚ್ಚಿಟ್ಟು ಮಳೆಗಾಲಗಳನ್ನು ಕಳೆದ ಲೆನ್ಸುಗಳಲ್ಲಿ ಇದನ್ನೇ ಜಾಸ್ತಿ ನೋಡುತ್ತೇನೆ.

ಹೊರಡುವ ಮುಂಚೆ ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಒಂದು ರೋಲ್ ಮುಗಿಸಿ ಡೆವಲಪ್ ಮಾಡಿಸಿ. ಇದನ್ನು ತಪ್ಪಿಸಲೇಬೇಡಿ.

ಇನ್ನು ಏರ್‌ಪೋರ್ಟ್. ಫಿಲ್ಮನ್ನು ಚೆಕ್‌ಇನ್ ಲಗೇಜಿಗೆ ಹಾಕಬಾರದು, ಅಲ್ಲಿನ ಎಕ್ಸ್‌ರೇ ಜೋರು. ಕೈಚೀಲಕ್ಕೆ ಬಂದಿರುವ ಹೊಸ ಸಿಟಿ ಸ್ಕ್ಯಾನರ್ ಕೂಡ ಫಿಲ್ಮಿಗೆ ಮಂಜು ಹಿಡಿಸುತ್ತದೆ. ರೋಲುಗಳನ್ನು ಪಾರದರ್ಶಕ ಜಿಪ್ ಕವರಿನಲ್ಲಿಟ್ಟು, ಕೈಯಲ್ಲೇ ಪರೀಕ್ಷಿಸಿ ಎಂದು ವಿನಯದಿಂದ ಕೇಳಿ. ಕ್ಯಾಮೆರಾದೊಳಗೆ ರೋಲ್ ಬೇಡ. ಬಾಗಿಲು ತೆರೆದು ತೋರಿಸಿ ಅಂದರೆ ತೆಗೆದದ್ದೆಲ್ಲ ಹೋಯಿತು, ಅಲ್ವಾ? ಮೊದಲ ರೋಲನ್ನು ಅಲ್ಲಿ ಇಳಿದ ಮೇಲೆ ಹಾಕಿ. ವಾಪಸ್ ಹೊರಡುವಾಗ ಕೊನೆಯ ರೋಲನ್ನು ಹೋಟೆಲಿನಲ್ಲೇ ಸುತ್ತಿ ತೆಗೆದಿಡಿ.