ಕೀಬೋರ್ಡ್ ಸಿಕ್ಕಿಸಿದರೆ ಟ್ಯಾಬ್ ಲ್ಯಾಪ್‌ಟಾಪ್ ಆಗುವುದಿಲ್ಲ

ಟ್ಯಾಬ್ ಕೊಳ್ಳಲು ಅಂಗಡಿಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆಗಳಿವೆ. ರ್‍ಯಾಮ್ ಎಷ್ಟು, ಸ್ಟೋರೇಜ್ ಎಷ್ಟು, ಕೀಬೋರ್ಡ್ ಜೊತೆಗೇ ಬರುತ್ತದೆಯೇ? ಲ್ಯಾಪ್‌ಟಾಪ್ ಬದಲಿಗೆ ಇದೇ ಸಾಕಲ್ಲವೇ ಎಂಬುದು ಕೊನೆಯಲ್ಲಿ ಬರುತ್ತದೆ. ಅದನ್ನು ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿರುತ್ತದೆ. "ನೀವು ದಿನವೂ ಯಾವ ಪ್ರೋಗ್ರಾಂ ತೆರೆಯುತ್ತೀರಿ?" ಎಂದು ನಾನು ಕೇಳಿದರೆ "ಆಫೀಸ್ ಕೆಲಸ", "ಮಗನ ಓದು", "ಲೆಕ್ಕಪತ್ರ" ಎನ್ನುತ್ತಾರೆ. ಪ್ರೋಗ್ರಾಂನ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಮಾರಾಟ, ರಿಪೇರಿ ಎರಡನ್ನೂ ಮಾಡಿಕೊಂಡು ಬಂದಿರುವ ನನಗೆ ಇಷ್ಟು ಬೇಸರ ತರಿಸುವ ಸಂಗತಿ ಇನ್ನೊಂದಿಲ್ಲ. ಹಣ ಕೊಟ್ಟಾದ ಮೇಲೆ, ಡಬ್ಬ ಒಡೆದಾದ ಮೇಲೆ, ಬಿಲ್ಲು ಹಿಡಿದು ಬಂದಾಗ ಹೆಸರುಗಳು ಒಂದೊಂದಾಗಿ ಹೊರಬರುತ್ತವೆ: ಲೆಕ್ಕಪತ್ರದ ಟ್ಯಾಲಿ ಬರುತ್ತಿಲ್ಲ, ಕನ್ನಡ ಟೈಪ್ ಮಾಡುವ ನುಡಿ ತೆರೆಯುತ್ತಿಲ್ಲ, ಡಿಜಿಟಲ್ ಸಹಿ ಇಟ್ಟುಕೊಳ್ಳುವ ಯುಎಸ್‌ಬಿ ಟೋಕನ್ ಹಿಡಿಯುತ್ತಿಲ್ಲ.

ಹಾಗಾಗಿ ಇದೊಂದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವುದೇ ಪ್ರೋಗ್ರಾಂ ಅನ್ನು ಒಂದು ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್, ಲೆಕ್ಕಕ್ಕಿಟ್ಟುಕೊಂಡು ಬರೆದಿರುತ್ತಾರೆ. ನಮ್ಮ ಕಚೇರಿ, ಮಂಡಿ, ಸೊಸೈಟಿಗಳಲ್ಲಿ ಓಡುತ್ತಿರುವ ಪ್ರೋಗ್ರಾಂಗಳಲ್ಲಿ ಬಹುಪಾಲು ವಿಂಡೋಸ್‌ಗೆಂದು ಬರೆದವು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಟ್ಯಾಬ್‌ಗಳಲ್ಲಿರುವುದು ಆಂಡ್ರಾಯ್ಡ್, ಐಪ್ಯಾಡ್‌ನಲ್ಲಿರುವುದು ಐಪ್ಯಾಡ್‌ಓಎಸ್. ವಿಂಡೋಸ್‌ಗೆ ಬರೆದದ್ದು ಇವೆರಡರಲ್ಲೂ ನೇರವಾಗಿ ಓಡುವುದಿಲ್ಲ. ರ್‍ಯಾಮ್ 16 ಜಿಬಿ ಇದ್ದರೂ ಓಡುವುದಿಲ್ಲ, ಬೆಲೆ ಲಕ್ಷ ದಾಟಿದರೂ ಓಡುವುದಿಲ್ಲ. ತೋಟಕ್ಕೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟು ಎಷ್ಟೇ ಒಳ್ಳೆಯದಿರಲಿ, ಅದರ ಡೀಸೆಲ್ಲನ್ನು ಕಳೆ ಕೊಚ್ಚುವ ಪೆಟ್ರೋಲ್ ಯಂತ್ರಕ್ಕೆ ಯಾರೂ ಹುಯ್ಯುವುದಿಲ್ಲ. ಅಲ್ಲಿ ಯಂತ್ರದ ತಾಕತ್ತಿನ ಮಾತೇ ಬರುವುದಿಲ್ಲ. ಕೀಬೋರ್ಡ್ ಕವರ್ ಎಂಬುದು ಬೆರಳಿಗೆ ಗುಂಡಿಗಳನ್ನು ಒದಗಿಸುತ್ತದೆ, ಅಷ್ಟೇ. ಒಳಗಿನ ಆಪರೇಟಿಂಗ್ ಸಿಸ್ಟಂ ಅದರಿಂದ ಬದಲಾಗುವುದಿಲ್ಲ.

ಇದು ನಮ್ಮ ಊರಿನವರಿಗಷ್ಟೇ ಆದ ಗೊಂದಲ ಎಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ಸರ್ಫೇಸ್ ಆರ್‌ಟಿ ಎಂಬ ಟ್ಯಾಬ್ಲೆಟ್ ತಂದಿತು. ಪರದೆಯ ಮೇಲೆ ವಿಂಡೋಸ್, ಹೆಸರಿನಲ್ಲೂ ವಿಂಡೋಸ್, ಸಿಕ್ಕಿಸಲು ತೆಳ್ಳಗಿನ ಕೀಬೋರ್ಡ್ ಬೇರೆ. ಆದರೆ ಒಳಗಿದ್ದ ಪ್ರೊಸೆಸರ್ ಬೇರೆ ಜಾತಿಯದು. ಹಳೆಯ ವಿಂಡೋಸ್ ಪ್ರೋಗ್ರಾಂಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಜನ ಕೊಳ್ಳಲಿಲ್ಲ. 2013ರ ಜುಲೈನಲ್ಲಿ ಕಂಪನಿ ಆ ದಾಸ್ತಾನಿನ ಬಾಬ್ತು 90 ಕೋಟಿ ಡಾಲರ್ ನಷ್ಟವನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕಾಯಿತು. ತಯಾರಿಸಿದವರಿಗೇ ಅಷ್ಟು ದುಬಾರಿಯಾದ ವಿಷಯವನ್ನು ಕೊಳ್ಳುವವರು ಎರಡು ನಿಮಿಷದಲ್ಲಿ ತೀರ್ಮಾನಿಸುತ್ತಾರಲ್ಲ ಎಂದು ನನಗೆ ಕಳವಳವಾಗುತ್ತದೆ.

ಕಳೆದ ದೀಪಾವಳಿಯ ನಂತರ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಗುಮಾಸ್ತನನ್ನು ಜೊತೆಗೆ ಕರೆದುಕೊಂಡು ಬಂದರು. ಆನ್‌ಲೈನ್‌ನಲ್ಲಿ ಹಬ್ಬದ ರಿಯಾಯಿತಿ ನೋಡಿ ದೊಡ್ಡ ಪರದೆಯ ಟ್ಯಾಬ್ ತರಿಸಿದ್ದರು, ಕೀಬೋರ್ಡೂ ಸೇರಿ. ಹಳೆಯ ಲ್ಯಾಪ್‌ಟಾಪನ್ನು ಮಗಳ ಮನೆಗೆ ಕೊಟ್ಟಾಗಿತ್ತು. "ಇದಕ್ಕೆ ಟ್ಯಾಲಿ ಹಾಕಿಕೊಡಿ" ಎಂದರು. ಗುಮಾಸ್ತ ಆ ಕೀಬೋರ್ಡಿನ ಮೇಲೆ ಕೈ ಇಟ್ಟು ನೋಡುತ್ತಿದ್ದ. ಅವನ ಬೆರಳು ತಾನಾಗಿಯೇ ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಹುಡುಕಿಕೊಂಡು ಮೇಲಿನ ಸಾಲಿಗೆ ಹೋಗುತ್ತಿತ್ತು. ಅಲ್ಲಿದ್ದದ್ದು ಬೆಳಕು ಹೆಚ್ಚಿಸುವ, ಶಬ್ದ ತಗ್ಗಿಸುವ ಗುಂಡಿಗಳು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಬೇರೆ ಬೇರೆ ಬಗೆಗೆ ಬಾಬ್ತು ಹಾಕಿ ದಿನವಿಡೀ ಬಿಲ್ಲು ಮಾಡುವ ಕೈ ಅದು. ಮಾಲೀಕರಿಗೆ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದ.

ಟ್ಯಾಲಿ ವಿಂಡೋಸ್‌ನ ಪ್ರೋಗ್ರಾಂ. ಅದರ ವರದಿಗಳನ್ನು ಬ್ರೌಸರ್‌ನಲ್ಲಿ ನೋಡುವ ಸೌಲಭ್ಯವಿದೆ. ಸಾಹುಕಾರರು ಮನೆಯಲ್ಲಿ ಕೂತು ಬಾಕಿ ಪಟ್ಟಿ ನೋಡಲು ಟ್ಯಾಬ್ ಬಹಳ ಚೆನ್ನಾಗಿ ಒದಗುತ್ತದೆ. ಆದರೆ ದಿನದ ಎಂಟ್ರಿ ಹಾಕಲು ಎಲ್ಲಾದರೂ ಒಂದು ವಿಂಡೋಸ್ ಯಂತ್ರ ಇರಲೇಬೇಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿನ ಕಥೆಯೂ ಇಂಥದ್ದೇ. ಅದನ್ನು ಯಂತ್ರಕ್ಕೆ ಪರಿಚಯಿಸುವ ಸಣ್ಣ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕಂಪ್ಯೂಟರಿಗೆ ಬರೆದದ್ದು. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರು ಜಿಎಸ್‌ಟಿ ರಿಟರ್ನ್ಸ್ ಅನ್ನು ಒಟಿಪಿ ಮೂಲಕ ಸಲ್ಲಿಸಬಹುದು, ಅವರಿಗೆ ಟೋಕನ್ ತೊಂದರೆಯಿಲ್ಲ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಡಿಜಿಟಲ್ ಸಹಿ ಕಡ್ಡಾಯ. ನಿಮ್ಮದು ಯಾವ ಬಗೆ ಎಂಬುದನ್ನು ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ. ಅದು ನಾನು ಹೇಳಬೇಕಾದ ಮಾತಲ್ಲ.

ಪ್ರಿಂಟರ್ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ವೈಫೈ ಇರುವ ಹೊಸ ಪ್ರಿಂಟರಿಗೆ ಸಾಮಾನ್ಯವಾಗಿ ಟ್ಯಾಬ್‌ನಿಂದ ಪ್ರಿಂಟ್ ಹೋಗುತ್ತದೆ. ಬರೀ ಯುಎಸ್‌ಬಿ ಕೇಬಲಿನ ಹಳೆಯ ಲೇಸರ್ ಪ್ರಿಂಟರ್, ಸೊಸೈಟಿಯಲ್ಲಿ ಪಾಸ್‌ಬುಕ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್, ಇವುಗಳನ್ನು ಟ್ಯಾಬ್‌ಗೆ ನಂಬಿಕೊಳ್ಳಬೇಡಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕನ್ನಡದ ಕಡತಗಳ ಸ್ಥಿತಿ. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಊರಿನ ಇತಿಹಾಸ, ಮನೆತನಗಳ ವಂಶಾವಳಿ, ಕೆರೆಗಳ ಹೆಸರು ಇವನ್ನೆಲ್ಲ ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ವಿದೇಶದಿಂದ ಬಂದ ಮಗಳು ಅಪ್ಪನಿಗೆ ಹಗುರವಾಗಲಿ ಎಂದು ಒಳ್ಳೆಯ ಟ್ಯಾಬ್ ತಂದುಕೊಟ್ಟಳು. ಹಳೆಯ ಕಂಪ್ಯೂಟರಿನ ಕಡತಗಳನ್ನು ಅದಕ್ಕೆ ಹಾಕಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಮೇಷ್ಟರು ಬಸ್ಸು ಹತ್ತಿ ಬಂದರು. ಕಡತವೇ ಹಾಳಾಯಿತು ಎಂದುಕೊಂಡಿದ್ದ ಅವರ ಮುಖ ನೋಡಲಾಗುತ್ತಿರಲಿಲ್ಲ.

ಹಾಳಾಗಿರಲಿಲ್ಲ. ಹಳೆಯ ನುಡಿ ಕಡತಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಾರೆ. ನುಡಿಯ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಒಳಗಿರುವುದೇ ಎದ್ದು ಕಾಣುತ್ತದೆ. 'ಕನ್ನಡ' ಎಂಬ ಪದವೇ ಪಿ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯವರ ಬಿ ಹೋಲುವ ಅಕ್ಷರ, ಕ್ಯೂ, ನಡುನಡುವೆ ಮತ್ತೆ ಅದೇ ಎ ಎಂದು ಸಾಲಾಗಿ ನಿಲ್ಲುತ್ತದೆ. ಯೂನಿಕೋಡ್‌ನಲ್ಲಿ ಬರೆದಿದ್ದರೆ ಈ ತೊಂದರೆಯಿಲ್ಲ. ಅಲ್ಲಿ 'ಕ' ಎಂಬುದಕ್ಕೆ ತನ್ನದೇ ಸಂಖ್ಯೆ ಇದೆ, ಕನ್ನಡ ಫಾಂಟ್ ಇರುವ ಯಾವ ಸಾಧನದಲ್ಲೂ ಅದು 'ಕ' ಆಗಿಯೇ ಉಳಿಯುತ್ತದೆ. "ಮೇಷ್ಟ್ರೇ, ನಿಮ್ಮ ಬರಹ ಎಲ್ಲೂ ಹೋಗಿಲ್ಲ, ಬೇರೆ ಲಿಪಿಯ ವೇಷದಲ್ಲಿದೆ ಅಷ್ಟೇ" ಎಂದು, ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಒಂದು ಪುಟ ಹಾಕಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಅಲ್ಲಲ್ಲಿ ಅರ್ಕಾವೊತ್ತು ತಪ್ಪಾಗಿತ್ತು, ಕೆಲವು ಒತ್ತಕ್ಷರ ಜಾರಿದ್ದವು. ಪರಿವರ್ತಕ ಎಷ್ಟೇ ಚೆನ್ನಾಗಿದ್ದರೂ ಒಮ್ಮೆ ಕೂತು ಓದಲೇಬೇಕು. ಮೂಲ ಕಡತವನ್ನಂತೂ ಅಳಿಸಲೇಬಾರದು.

ಈಗ ಮೇಷ್ಟರು ತಿದ್ದುವುದಕ್ಕೆ, ಓದುವುದಕ್ಕೆ ಟ್ಯಾಬ್ ಬಳಸುತ್ತಾರೆ. ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುವ ಸೌಲಭ್ಯವನ್ನೂ ಕಲಿತಿದ್ದಾರೆ. ಟೈಪ್ ಮಾಡಲು ಮಾತ್ರ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪನ್ನು ಕಡಿಮೆ ಬೆಲೆಗೆ ಹೊಂದಿಸಿಕೊಟ್ಟೆ. ನುಡಿಯ ಮೂಲದಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಹತ್ತಿದವರನ್ನು ಬೇರೆ ಕಡೆಗೆ ಎಳೆಯುವುದು ಅನ್ಯಾಯ.

"ಹಾಗಾದರೆ ಕಂಪ್ಯೂಟರನ್ನು ಆಫೀಸಿನಲ್ಲಿಟ್ಟು ಟ್ಯಾಬ್‌ನಿಂದ ಅದನ್ನೇ ನಡೆಸಬಹುದಲ್ಲ?" ಎಂದು ತಿಳಿದವರು ಕೇಳುತ್ತಾರೆ. ನಡೆಸಬಹುದು. ರಿಮೋಟ್ ಡೆಸ್ಕ್‌ಟಾಪ್ ಎಂಬುದು ಒಳ್ಳೆಯ ದಾರಿ. ಅದಕ್ಕೆ ಎರಡೂ ಕಡೆ ಇಂಟರ್ನೆಟ್ ಇರಬೇಕು, ಆ ಕಡೆಯ ಕಂಪ್ಯೂಟರ್ ಆನ್ ಆಗಿರಬೇಕು. ಶಿವಮೊಗ್ಗ ಪೇಟೆಯೊಳಗೆ ಇದನ್ನು ನಾನು ಧೈರ್ಯವಾಗಿ ಮಾಡಿಕೊಡುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಹೊಸನಗರ, ಆಗುಂಬೆ ಕಡೆಯ ಮನೆಗಳಿಗೆ ಇದನ್ನೇ ನೆಚ್ಚಿಕೊಳ್ಳಿ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

ವಿಂಡೋಸ್ ಇರುವ ಟ್ಯಾಬ್‌ಗಳೂ ಇವೆ. ಅವು ಟ್ಯಾಬ್ ಆಕಾರದ ಲ್ಯಾಪ್‌ಟಾಪ್‌ಗಳೇ, ಬೆಲೆಯೂ ಅದಕ್ಕೆ ತಕ್ಕಂತೆ. ಕೊಳ್ಳುವಾಗ ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯದೋ, ಸ್ನಾಪ್‌ಡ್ರಾಗನ್ನಿನದೋ ನೋಡಿಕೊಳ್ಳಿ. ಎರಡನೆಯದರಲ್ಲಿ ಈಗ ಸಾಮಾನ್ಯ ವಿಂಡೋಸ್ ಪ್ರೋಗ್ರಾಂಗಳು ಹೆಚ್ಚಿನಂಶ ಓಡುತ್ತವೆ, ಸರ್ಫೇಸ್ ಆರ್‌ಟಿಯ ಕಾಲದಂತಿಲ್ಲ. ಆದರೆ ಪ್ರಿಂಟರ್, ಟೋಕನ್‌ಗಳ ಡ್ರೈವರ್ ಅದಕ್ಕೆಂದೇ ಬರೆದದ್ದು ಇದ್ದರೆ ಮಾತ್ರ ಕೆಲಸ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ, ನಾನು ಟ್ಯಾಬ್ ವಿರೋಧಿ ಎಂದು ತಿಳಿಯಬೇಡಿ. ಮಲೆನಾಡಿಗೆ ಟ್ಯಾಬ್ ಎಷ್ಟು ಒಗ್ಗುತ್ತದೆ ಎಂಬುದು ಮಳೆಗಾಲದಲ್ಲಿ ರಿಪೇರಿಗೆ ಬರುವ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿದರೆ ಗೊತ್ತಾಗುತ್ತದೆ. ಫ್ಯಾನು ತೇವದ ಗಾಳಿಯನ್ನು ಒಳಗೆಳೆದು ಬೋರ್ಡಿನ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನಿಂದ ಬಂದವು ಇನ್ನೂ ಹೆಚ್ಚು. ಸಾಮಾನ್ಯ ಟ್ಯಾಬ್‌ನಲ್ಲಿ ಫ್ಯಾನೂ ಇಲ್ಲ, ಗಾಳಿಕಿಂಡಿಯೂ ಇಲ್ಲ. ಚಾರ್ಜಿಂಗ್ ಬಾಯಿಗೆ ಕಿಲುಬು ಬರಬಹುದು, ಅಷ್ಟು ಎಚ್ಚರವಿರಲಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರ್ ಕಿತ್ತಿಡಿ. ಹತ್ತು ಇಂಚಿನ ಟ್ಯಾಬ್‌ನ ಬ್ಯಾಟರಿ ಸುಮಾರು 30 ವಾಟ್-ಅವರ್. 10,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೆ ಕರೆಂಟಿಲ್ಲದ ದಿನವೂ ಹೆಚ್ಚುಕಡಿಮೆ ಒಂದು ಸಲ ತುಂಬಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಆ ಪವರ್ ಬ್ಯಾಂಕ್ ಯಾವುದಕ್ಕೂ ಸಾಲದು.

ಯಕ್ಷಗಾನದ ಭಾಗವತರೊಬ್ಬರಿಗೆ ಟ್ಯಾಬ್ ಹೊಂದಿಸಿಕೊಟ್ಟದ್ದು ನನಗೆ ಬಹಳ ಸಂತೋಷ ಕೊಟ್ಟ ಕೆಲಸ. ಸವೆದುಹೋದ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅದರಲ್ಲಿ ತುಂಬಿದೆವು. ಕೈಯಲ್ಲಿ ತಾಳವಿರುತ್ತದೆ, ಆದ್ದರಿಂದ ಪುಟ ಸರಿಸಲು ಒಂದು ಬೆರಳು ತಾಗಿದರೆ ಸಾಕಾಗುವಂತೆ ಮಾಡಿದೆ. ಪರದೆ ತಾನಾಗಿ ಆರದಂತೆ, ರಂಗದ ದೀಪಕ್ಕೆ ಬೆಳಕು ಏರಿಳಿಯದಂತೆ ಸೆಟ್ಟಿಂಗ್ ಬದಲಿಸಿ, ಆಟ ಶುರುವಾಗುವ ಮೊದಲು ಏರೋಪ್ಲೇನ್ ಮೋಡ್ ಹಾಕುವುದನ್ನು ಅಭ್ಯಾಸ ಮಾಡಿಸಿದೆ. ಪದ್ಯದ ನಡುವೆ ಯಾರದೋ ಸಂದೇಶ ಪುಟದ ಮೇಲೆ ಇಳಿಯಬಾರದು. ಬೆಳಗಿನ ಜಾವದವರೆಗೂ ಟ್ಯಾಬ್ ನಡೆಯುತ್ತದೆ. ಅವರಿಗೆ ಲ್ಯಾಪ್‌ಟಾಪ್ ಮಾರುವುದು ಶುದ್ಧ ತಪ್ಪಾಗುತ್ತಿತ್ತು.

ತೋಟದವರಿಗೂ ಇದು ಒಳ್ಳೆಯ ಸಂಗಾತಿ. ಎಲೆಚುಕ್ಕೆ ರೋಗದ ಫೋಟೊ ತೆಗೆದು ತಜ್ಞರಿಗೆ ಕಳಿಸಲು, ಕೂಲಿ ಲೆಕ್ಕ ಬರೆದಿಡಲು ಬೇರೇನೂ ಬೇಡ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡುವ ಆಸೆ ಇದ್ದವರು ಒಂದು ಮಾತು ಕೇಳಿ: ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಸೌಲಭ್ಯದ ಮಾದರಿಯಲ್ಲಿ ಮಾತ್ರ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಹೋದ ತಿಂಗಳು ಕಂಪ್ಯೂಟರಿನಲ್ಲಿ ತೆರೆದ ಪ್ರತಿಯೊಂದು ಪ್ರೋಗ್ರಾಂನ ಹೆಸರು ಬರೆಯಿರಿ. ಎಕ್ಸೆಲ್ ಇದ್ದರೆ ಅದರಲ್ಲಿ ಮ್ಯಾಕ್ರೊ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಒಳಗಿನ ಸಣ್ಣ ಪ್ರೋಗ್ರಾಂ, ಇದೆಯೇ ಎಂಬುದನ್ನೂ ಬರೆಯಿರಿ. ಆಂಡ್ರಾಯ್ಡ್ ಟ್ಯಾಬ್, ಐಪ್ಯಾಡ್‌ಗಳ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಓಡುವುದಿಲ್ಲ. ನಿಮ್ಮದೇ ನಾಲ್ಕು ಕಡತಗಳನ್ನು ಪೆನ್‌ಡ್ರೈವಿನಲ್ಲಿ ತನ್ನಿ. ಯಾವ ಅಂಗಡಿಯಾದರೂ ಸರಿ, ಹಣ ಕೊಡುವ ಮೊದಲು ಅವುಗಳನ್ನು ತೆರೆದು ತೋರಿಸಲು ಹೇಳಿ. ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಎಂಜಿನಿಯರಿಂಗ್ ಸೀಟು ಸಿಕ್ಕಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ಪಿಯುಸಿಯ ಹುಡುಗಿಗೆ ವಿಡಿಯೊ ಪಾಠ, ಪಿಡಿಎಫ್ ಮೇಲೆ ಪೆನ್ನಿನಲ್ಲಿ ಟಿಪ್ಪಣಿ, ಇವಕ್ಕೆ ಟ್ಯಾಬ್ ಧಾರಾಳ ಸಾಕು. ಎಂಜಿನಿಯರಿಂಗಿಗೆ ಹೋದವರ ಕಥೆ ಬೇರೆ. ನಕ್ಷೆ ಬರೆಯುವ ಆಟೋಕ್ಯಾಡ್, ಗಣಿತದ ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್‌ಗಳು ಟ್ಯಾಬ್‌ನಲ್ಲಿ ಸಿಗುವುದು ಮೊಟಕುಗೊಂಡ ರೂಪದಲ್ಲಿ. ಲ್ಯಾಬಿನ ಅಭ್ಯಾಸಕ್ಕೆ ಅದು ಸಾಲುವುದು ಕಷ್ಟ. ಕಾಲೇಜು ಶುರುವಾಗುವ ಮೊದಲೇ ಕೊಂಡುಬಿಡಬೇಕೆಂಬ ಅವಸರ ಬೇಡ. ತರಗತಿ ಆರಂಭವಾಗಿ ವಿಭಾಗದವರು ಯಾವ ಸಾಫ್ಟ್‌ವೇರ್ ಬೇಕೆಂದು ಹೇಳುವವರೆಗೆ ಕಾಯಿರಿ, ಅಷ್ಟರಲ್ಲಿ ಕಾಲೇಜಿನ ಲ್ಯಾಬ್ ಇದ್ದೇ ಇರುತ್ತದೆ. ಆ ಪಟ್ಟಿ ಹಿಡಿದು ಬಂದರೆ ನಾನೂ ಜೊತೆಗೆ ಕೂತು ಒಂದೊಂದನ್ನೇ ನೋಡಿ ಹೇಳುತ್ತೇನೆ.