ಸಿಡಿದ ನಕ್ಷತ್ರದೊಳಗಿನ ಹಸಿರು ಗೆರೆ

1869ರ ಸೂರ್ಯಗ್ರಹಣದಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾದ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ನೋಡಿದವರಿಗೆ ಒಂದು ಹಸಿರು ಗೆರೆ ಕಂಡಿತು. ತರಂಗಾಂತರ 530.3 ನ್ಯಾನೋಮೀಟರ್. ಆಗ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹಾಗಾಗಿ ‘ಕರೋನಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿಕೊಂಡರು. ಅದು 13 ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಕಬ್ಬಿಣವೆಂದು ತಿಳಿಯಲು ಎಪ್ಪತ್ತು ವರ್ಷ ಹಿಡಿಯಿತು. 2019ರಲ್ಲಿ ಅದೇ ಗೆರೆ ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದಲ್ಲಿ, ಸಿಡಿದ ನಕ್ಷತ್ರಗಳು ಬಿಟ್ಟುಹೋದ ಮೂರು ಸೂಪರ್‌ನೋವಾ ಅವಶೇಷಗಳ ಒಡಲಿನಲ್ಲಿ ಪತ್ತೆಯಾಯಿತು. ಅಲ್ಲಿ ಮಾತ್ರ ಅದು ಸಣ್ಣ ಗೆರೆಯಾಗಿರಲಿಲ್ಲ, ಅಗಲವಾಗಿ ಹರಡಿಕೊಂಡಿತ್ತು.

ಆ ಅಗಲದಲ್ಲೇ ವಿಷಯವಿದೆ. ಸ್ಫೋಟದಲ್ಲಿ ಚಿಮ್ಮಿದ ದ್ರವ್ಯ ಹಿಗ್ಗುತ್ತ ಹೋದಂತೆ ತಣ್ಣಗಾಗಿ ಕಪ್ಪಾಗುತ್ತದೆ. ಆದರೆ ಅದು ಸುತ್ತಲಿನ ಅನಿಲವನ್ನು ತಳ್ಳಿದಾಗ ಆ ಅನಿಲವೂ ತಿರುಗಿ ಒತ್ತುತ್ತದೆ. ಹೀಗೆ ಹುಟ್ಟುವ ಹಿಮ್ಮುಖ ಆಘಾತ ತರಂಗ ದ್ರವ್ಯವನ್ನು ಹೊರಗಿನಿಂದ ಒಳಕ್ಕೆ ಕೊರೆಯುತ್ತ ಮತ್ತೆ ಕಾಯಿಸುತ್ತದೆ. ಒಂದೇ ದಿಕ್ಕಿಗೆ ಓಡುತ್ತಿದ್ದ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಆಘಾತ ದಾಟಿದೊಡನೆ ಎತ್ತೆತ್ತಲೋ ಚದುರುತ್ತವೆ. ನಮ್ಮತ್ತ ಬರುವವು ಗೆರೆಯನ್ನು ನೀಲಿಯ ಕಡೆಗೆ, ದೂರ ಸರಿಯುವವು ಕೆಂಪಿನ ಕಡೆಗೆ ಎಳೆಯುತ್ತವೆ. ಸೆಕೆಂಡಿಗೆ 1,000 ಕಿಲೋಮೀಟರ್ ವೇಗವಿದ್ದರೆ ಈ ಹಸಿರು ಗೆರೆ ಸುಮಾರು 1.8 ನ್ಯಾನೋಮೀಟರ್ ಸರಿಯುತ್ತದೆ. ಗೆರೆಯ ಅಗಲವನ್ನು ಅಳೆದರೆ ಆಘಾತದ ವೇಗ ಕೈಗೆ ಬರುತ್ತದೆ. ಹಿಮ್ಮುಖ ಆಘಾತದ ವೇಗವನ್ನು ಹೀಗೆ ಅಳೆದದ್ದು ಅದೇ ಮೊದಲು.

ನನಗೆ ಇದಕ್ಕಿಂತಲೂ ಸೊಗಸಾಗಿ ಕಾಣುವುದು ಗೆರೆಗಳ ಸಾಲು. ಅಲ್ಲಿನ ಅನಿಲ ಎಷ್ಟು ವಿರಳವೆಂದರೆ ಕಣಗಳು ಡಿಕ್ಕಿಯಾಗುವುದೇ ಅಪರೂಪ. ಕಬ್ಬಿಣ ಎಲೆಕ್ಟ್ರಾನ್‌ಗಳನ್ನು ಒಂದೇ ಏಟಿಗೆ ಕಳೆದುಕೊಳ್ಳುವುದಿಲ್ಲ, ವರ್ಷಗಟ್ಟಲೆ ಒಂದೊಂದಾಗಿ ಬಿಟ್ಟುಕೊಡುತ್ತದೆ. ಈಗಷ್ಟೇ ಏಟು ತಿಂದ ಕಬ್ಬಿಣ ಎಂಟು ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ, ಅದರ ಹೊರಗೆ, ಹಿಂದೆಯೇ ಏಟು ತಿಂದದ್ದು 13ನ್ನೋ 14ನ್ನೋ ಕಳೆದುಕೊಂಡಿರುತ್ತದೆ. ಒಂದೊಂದು ಸ್ಥಿತಿಗೂ ಅದರದೇ ಗೆರೆ. ಮರದ ಕಾಂಡದ ಉಂಗುರಗಳಂತೆ ಇಲ್ಲಿ ಜಾಗವೇ ಕಾಲವನ್ನು ಹೇಳುತ್ತದೆ. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನಲ್ಲಿರುವ ಮ್ಯೂಸ್ ಉಪಕರಣ ಚಿತ್ರದ ಪ್ರತಿ ಬಿಂದುವಿನ ರೋಹಿತವನ್ನೂ ಒಟ್ಟಿಗೇ ದಾಖಲಿಸುವುದರಿಂದ ಇಂಥ ಪದರಗಳನ್ನು ಬಿಡಿಸಿ ನೋಡುವುದು ಸಾಧ್ಯವಾಗಿದೆ.

ಆ ಮೂರರಲ್ಲಿ ಒಂದಾದ ಎಸ್‌ಎನ್‌ಆರ್ 0509-67.5 ಇರುವುದು ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿ. 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರೊಳಗೆ ಕ್ಯಾಲ್ಸಿಯಂ ಒಂದಲ್ಲ, ಎರಡು ಚಿಪ್ಪುಗಳಾಗಿ ಹೊಳೆಯುತ್ತಿರುವುದು ಕಂಡಿತು. ಶ್ವೇತಕುಬ್ಜದ (ಇಂಧನ ಮುಗಿದ ನಕ್ಷತ್ರದ ದಟ್ಟ ತಿರುಳಿನ) ಮೈಮೇಲಿದ್ದ ಹೀಲಿಯಂ ಪದರ ಮೊದಲು ಸಿಡಿದು, ಆ ಏಟು ಒಳಗೆ ನುಗ್ಗಿ, ಬಳಿಕ ತಿರುಳು ಸಿಡಿದರೆ ಹೀಗೆ ಎರಡು ಚಿಪ್ಪು ಉಳಿಯಬೇಕೆಂದು ಸಿದ್ಧಾಂತ ಮೊದಲೇ ಹೇಳಿತ್ತು. ಇಂಥ ಸ್ಫೋಟಗಳ ಬೆಳಕನ್ನು ನಂಬಿಯೇ ನಾವು ಬ್ರಹ್ಮಾಂಡದ ದೂರಗಳನ್ನು ಅಳೆಯುತ್ತೇವೆ. ಸಿಡಿಯಲು ಶ್ವೇತಕುಬ್ಜ ಸೂರ್ಯನ 1.4 ಪಟ್ಟು ತೂಕದ ಮಿತಿಯನ್ನು ಮುಟ್ಟಲೇಬೇಕೆಂದಿಲ್ಲ, ಅದಕ್ಕೂ ಮೊದಲೇ ಸಿಡಿಯಬಹುದು ಎಂಬುದಕ್ಕೆ ಆ ಎರಡು ಚಿಪ್ಪುಗಳು ಕಣ್ಣಿಗೆ ಕಾಣುವ ಸಾಕ್ಷ್ಯ.